ಕಡಲೆ ಹೊಲದ ಮೇಲಿನ ಮೋಡ

ನಮ್ಮ ಕಡೆಯ ಆಕಾಶ ಫೋಟೋಗೆ ಆಗಿಬರುವಂಥದ್ದಲ್ಲ. ಮಳೆಗಾಲದ ಕೆಲವು ವಾರ ಬಿಟ್ಟರೆ ಅದು ನೀಲಿಯೂ ಅಲ್ಲ, ಬೂದಿಯೂ ಅಲ್ಲ. ಒಗೆದು ಒಗೆದು ಬಣ್ಣ ಹೋದ ಧೋತರದ ಹಾಗೆ ಬೆಳ್ಳಗೆ ಬಿದ್ದುಕೊಂಡಿರುತ್ತದೆ. ಬಯಲಲ್ಲಿ ನಿಂತಾಗ ಅದರಿಂದ ಯಾರಿಗೂ ತೊಂದರೆಯಿಲ್ಲ. ಅದನ್ನೇ ಕಾಗದದ ಮೇಲೆ ಅಚ್ಚು ಹಾಕಿ ಕೈಗೆ ಕೊಟ್ಟರೆ ಮಾತ್ರ ಗಿರಾಕಿ ಮುಖ ಹುಳ್ಳಗೆ ಮಾಡುತ್ತಿದ್ದ. "ಇದೇನ್ರಿ, ಮ್ಯಾಲಿನ ಅರ್ಧ ಫೋಟೋನೇ ಬಂದಿಲ್ಲ?" ಎಂದು ಕೇಳಿದವರೂ ಇದ್ದಾರೆ.

ಆ ಆಕಾಶವನ್ನು ಬದಲಾಯಿಸುವುದು ನನ್ನ ಕೆಲಸವಾಗಿತ್ತು. ಎರಡು ಸಾವಿರದ ಇಸವಿ ದಾಟಿದ ಹೊಸತು. ಘಾಟಬೋರಾಳದಿಂದ ದಿನಾ ಬಸ್ಸಿನಲ್ಲಿ ಹುಮನಾಬಾದಿಗೆ ಹೋಗಿ ಕಂಪ್ಯೂಟರ್ ಕ್ಲಾಸು ಮುಗಿಸಿದ್ದೆ. ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸ ಸಿಕ್ಕಿತು. ಮಾಲಕ ಮುಂದಿನ ಕೋಣೆಯಲ್ಲಿ ಫೋಟೋ ತೆಗೆಯುತ್ತಿದ್ದ. ಹಿಂದಿನ ಕೋಣೆಯಲ್ಲಿ ನಾನು ಅವನ್ನು ಸ್ಕ್ಯಾನ್ ಮಾಡಿ ತಿದ್ದುತ್ತಿದ್ದೆ. ಹುಡುಗಿ ಕಂಪ್ಯೂಟರ್ ಮುಂದೆ ಕೂತಿದ್ದನ್ನು ನೋಡಲಿಕ್ಕೇ ಕೆಲವರು ಪರದೆ ಸರಿಸಿ ಇಣುಕುತ್ತಿದ್ದರು. ನಾನು ಕೆಕ್ಕರಿಸಿ ನೋಡಿದರೆ ಪರದೆ ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು.

ಕೆಲಸ ಕಷ್ಟದ್ದಲ್ಲ. ನಮ್ಮ ಆಕಾಶದ ಒಂದೇ ಒಂದು ಉಪಕಾರವೆಂದರೆ ಅದು ಪೂರಾ ಬಿಳಿ. ಆ ಬಿಳಿಯ ಮೇಲೆ ಮೌಸ್ ಒತ್ತಿದರೆ ಇಡೀ ಆಕಾಶ ಒಟ್ಟಿಗೆ ಕೈಗೆ ಸಿಗುತ್ತಿತ್ತು. ಅಳಿಸಿ, ಕೆಳಗಿನಿಂದ ಬೇರೆ ಆಕಾಶ ತಂದು ಕೂರಿಸುವುದು. ತ್ರಾಸು ಕೊಡುತ್ತಿದ್ದದ್ದು ಬೇವಿನ ಮರಗಳು. ಎಲೆಗಳ ನಡುವೆ ಹಳೆಯ ಬಿಳಿ ಚುಕ್ಕೆಚುಕ್ಕೆಯಾಗಿ ಉಳಿದುಬಿಡುತ್ತಿತ್ತು, ತಲೆಹೇನಿನ ಸೀರಿನ ಹಾಗೆ. ಅದನ್ನು ಒಂದೊಂದಾಗಿ ಹೆಕ್ಕಬೇಕು. ಹೆಕ್ಕುವುದರಲ್ಲಿ ನನ್ನನ್ನು ಮೀರಿಸುವವರು ಹುಮನಾಬಾದಿನಲ್ಲಿ ಇರಲಿಲ್ಲ, ಇದನ್ನು ನಾನು ಈಗಲೂ ಹೇಳುತ್ತೇನೆ.

ಆಕಾಶಗಳು ಬರುತ್ತಿದ್ದದ್ದು ಮಾಲಕ ಹೈದರಾಬಾದಿನಿಂದ ತಂದ ಒಂದು ಸಿ.ಡಿ.ಯಿಂದ. ಅದರಲ್ಲಿ ಸಮುದ್ರದ ಮೇಲಿನ ಸಂಜೆಯಿತ್ತು, ಕಾಮನಬಿಲ್ಲಿತ್ತು, ಹಿಮದ ಬೆಟ್ಟದ ಮೇಲಿನ ಕಡುನೀಲಿ ಇತ್ತು. ಅವನ ಮೆಚ್ಚಿನದು ಮಾತ್ರ ಒಂದು ಮೋಡ. ತಳದಲ್ಲಿ ಕಪ್ಪು, ಮೇಲೆ ಬೆಳ್ಳಿ, ಇನ್ನೇನು ಬಿದ್ದೇಬಿಡುತ್ತದೆ ಎನ್ನುವಂಥ ಮಳೆಮೋಡ. "ಮ್ವಾಡ ಹಾಕಿದ್ರ ಹೊಲ ಹಸರ ಕಾಣ್ತದ," ಎನ್ನುತ್ತಿದ್ದ. ಆ ದಿನಗಳಲ್ಲಿ ನಮ್ಮ ಸುತ್ತಿನ ಹಳ್ಳಿಗಳ ಗೋಡೆಗೆ ತೂಗಿದ ಹೊಸ ಮನೆ, ಹೊಸ ಬಾವಿ, ಹೊಸ ಟ್ರ್ಯಾಕ್ಟರಿನ ಫೋಟೋಗಳನ್ನು ಸಾಲಾಗಿ ಇಟ್ಟಿದ್ದರೆ ಎಲ್ಲರ ತಲೆಯ ಮೇಲೂ ಅದೇ ಒಂದು ಮೋಡ ನಿಂತಿರುವುದು ಕಾಣುತ್ತಿತ್ತು. ಯಾರೂ ಸಾಲಾಗಿ ಇಟ್ಟು ನೋಡಲಿಲ್ಲ.

ಆಗಲೇ ಅಕ್ಕನಿಗೆ ಗಂಡು ನೋಡುತ್ತಿದ್ದರು. ನಮ್ಮ ಮನೆಯಲ್ಲಿ ನಾವಿಬ್ಬರೇ ಹೆಣ್ಣುಮಕ್ಕಳು, ಗಂಡುಸಂತಾನವಿಲ್ಲ. ಹಾಗಾಗಿ ಅಪ್ಪನ ಹೊಲ ಇಂದಲ್ಲ ನಾಳೆ ಅಳಿಯನ ಕೈಗೆ ಹೋಗುವುದೇ ಎಂಬುದು ಎಲ್ಲರಿಗೂ ಗೊತ್ತಿತ್ತು. ಇಂಥ ಮನೆಗಳಿಗೆ ಗಂಡಿನ ಕಡೆಯವರು ಹುಡುಗಿಯ ಫೋಟೋದ ಜೊತೆ ಹೊಲದ ಫೋಟೋವನ್ನೂ ಕೇಳುವ ಚಟ ಆಗ ಹೊಸದಾಗಿ ಹುಟ್ಟಿಕೊಂಡಿತ್ತು. ಒಂದೇ ಲಕೋಟೆಯಲ್ಲಿ ಎರಡು ಫೋಟೋ. ಯಾವುದನ್ನು ಮೊದಲು ನೋಡುತ್ತಿದ್ದರು ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಅಕ್ಕನನ್ನು ನೋಡಿ ಹೋದ ಎರಡು ಕಡೆಯವರು ಮತ್ತೆ ಸುದ್ದಿ ಹೇಳಿರಲಿಲ್ಲ. ಮೂರನೆಯ ಸಂಬಂಧ ಬಸವಕಲ್ಯಾಣದ ಒಬ್ಬ ಅಡತ್ ವ್ಯಾಪಾರಿಯ ಮಗನದು. ರೈತರ ಕಾಳು ಕಡಿ ಹಿಡಿದು ಮಾರುವ ದೊಡ್ಡ ಅಂಗಡಿ. ಜನ ಅವನನ್ನು ಸಾವ್ಕಾರ ಎಂದೇ ಕರೆಯುತ್ತಿದ್ದರು. ನಡುವೆ ಓಡಾಡಿದವನು ನಮ್ಮ ದೂರದ ಸಂಬಂಧದ ಒಬ್ಬ ಕಾಕಾ. ಇದೂ ತಪ್ಪಿದರೆ ಅಕ್ಕ ಮನೆಯಲ್ಲೇ ಉಳಿಯುತ್ತಾಳೆ ಎಂಬ ಭಯದಲ್ಲಿ ಅಪ್ಪ ಆ ಕಾಕಾನ ಚಪ್ಪಲಿಯನ್ನೂ ಒರೆಸಲು ತಯಾರಿದ್ದ.

ಮಾಲಕ ತನ್ನ ಮೋಟರ್‌ಸೈಕಲ್ ಮೇಲೆ ಬಂದು ಹೊಲದ ಫೋಟೋ ತೆಗೆದ. ಸಂಕ್ರಾಂತಿಯ ಹೊತ್ತು. ಕರಿ ನೆಲದ ತುಂಬ ಕಡಲೆ ಹೂವಿಗೆ ಬಂದಿತ್ತು, ಬದುವಿನ ಮೇಲೆ ಒಂದು ಬೇವಿನ ಮರ, ಮೇಲೆ ನಮ್ಮ ಮಾಮೂಲಿ ಬಿಳಿ. ಮಾರನೆಯ ದಿನ ಅದು ನನ್ನ ಕಂಪ್ಯೂಟರಿಗೆ ಬಂತು. ಮಾಲಕ ಹಿಂದೆ ನಿಂತು ತನ್ನ ಮೆಚ್ಚಿನ ಮೋಡವನ್ನೇ ಹಾಕಲು ಹೇಳಿದ. ನಾನು ಹಾಕಿದೆ. ಬೇವಿನ ಎಲೆಗಳ ನಡುವಿನ ಬಿಳಿಯನ್ನೆಲ್ಲ ಹೆಕ್ಕಿದೆ. ಅಂಚು ಎಷ್ಟು ನುಣುಪಾಗಿ ಬಂತೆಂದರೆ ನನಗೇ ನನ್ನ ಬೆನ್ನು ತಟ್ಟಿಕೊಳ್ಳಬೇಕು ಅನ್ನಿಸಿತು. ಅದೇ ಲಕೋಟೆಗೆ ಅಕ್ಕನ ಫೋಟೋವೂ ಹೋಯಿತು. ಅದರಲ್ಲಿ ಅವಳ ಬಣ್ಣವನ್ನು ಮಾಲಕ ತಾನೇ ಕೂತು ಒಂದಿಷ್ಟು ತಿಳಿ ಮಾಡಿದ್ದ; ಹೆಣ್ಣು ನೋಡುವ ಫೋಟೋ ಎಂದರೆ ಕೇಳದೆಯೇ ಹಾಗೆ ಮಾಡುವುದು ಅಂಗಡಿಯ ರೂಢಿ. ಕಾಕಾ ಲಕೋಟೆ ತೆಗೆದುಕೊಂಡು ಸ್ಟುಡಿಯೋದಿಂದಲೇ ಬಸವಕಲ್ಯಾಣದ ಬಸ್ಸು ಹತ್ತಿದ. ಅಪ್ಪ ಆ ಫೋಟೋ ನೋಡಲೇ ಇಲ್ಲ. "ಛಲೋ ಬಂದಾದೇನು?" ಎಂದು ಕೇಳಿದ್ದಕ್ಕೆ "ಮಸ್ತ್ ಬಂದಾದ," ಎಂದೆ.

ಸಾವ್ಕಾರ ಮಗನನ್ನು ಕರೆದುಕೊಂಡು ನಮ್ಮ ಮನೆಗೆ ಬಂದ ದಿನವೂ ಆಕಾಶ ಬೆಳ್ಳಗೇ ಇತ್ತು. ತಲೆಗೆ ಬಿಳಿ ಟೊಪ್ಪಿಗೆ, ಕಚ್ಚೆ ಧೋತರ, ಬಾಯಲ್ಲಿ ಅಡಿಕೆ. ಹುಡುಗ ತನ್ನ ಕಾಲಿನ ಹೆಬ್ಬೆರಳನ್ನೇ ನೋಡುತ್ತ ಕೂತ. ಕಾಕಾ ಹಿರಿಯರಿಬ್ಬರ ನಡುವೆ ಕೂತು ಅಪ್ಪನ ಗುಣಗಾನ ಶುರುಮಾಡಿದ್ದನ್ನು ಸಾವ್ಕಾರ ಕೈಯೆತ್ತಿ ನಿಲ್ಲಿಸಿದ.

"ಹೊಲ ನೋಡಿಕೊಂಡೇ ಬಂದೇನ್ರಿ," ಎಂದ. ಅಪ್ಪನಿಗೆ ಹೇಳದೆ, ಬರುವ ದಾರಿಯಲ್ಲೇ ಹೊಕ್ಕು ಮಣ್ಣು ಮುಟ್ಟಿ ಬಂದಿದ್ದ. "ಹೊಲ ಖರೇ ಅದ. ಕಡ್ಲಿ ಛಲೋ ಬಂದಾದ. ಮುಗಿಲು ಎಲ್ಲಿ ಹೋತು?"

ನಮ್ಮಲ್ಲಿ ಆಕಾಶಕ್ಕೆ ಮುಗಿಲು ಎನ್ನುತ್ತಾರೆ. ಅಪ್ಪನಿಗೆ ಮಾತು ತಿಳಿಯಲಿಲ್ಲ, ಸುಮ್ಮನೆ ನಕ್ಕ. ಸಾವ್ಕಾರ ಲಕೋಟೆ ಬಿಚ್ಚಿ ಹೊಲದ ಫೋಟೋವನ್ನು ಅಪ್ಪನ ಮುಂದೆ ಚಾಪೆಯ ಮೇಲೆ ಇಟ್ಟ. ಅಪ್ಪ ಬಾಗಿ ನೋಡಿದ. ಅವನ ನಗು ಮುಖದ ಮೇಲೆಯೇ ಒಣಗಿತು.

ನನಗೂ ಆಗಲೇ ಹೊಳೆದದ್ದು. ಕಡಲೆ ಬೆಳೆಯುವ ಮನೆಯಲ್ಲಿ ಹುಟ್ಟಿದವಳು ನಾನು. ಹೂವಿನ ಕಾಲಕ್ಕೆ ಮೋಡ ಕವಿಯಿತೆಂದರೆ ಮನೆಯಲ್ಲಿ ಯಾರಿಗೂ ಊಟ ಸೇರುತ್ತಿರಲಿಲ್ಲ. ಕಡಲೆಯ ಎಲೆಯ ಮೇಲೆ ಒಂದು ಹುಳಿ ಇರುತ್ತದೆ. ಚುಮುಚುಮು ಬೆಳಗಿನಲ್ಲಿ ಗಿಡಗಳ ಮೇಲೆ ಬಟ್ಟೆ ಹಾಸಿ, ಹಿಂಡಿ, ಅಕ್ಕ ಅದನ್ನು ಶೀಶೆಯಲ್ಲಿ ಹಿಡಿದಿಡುತ್ತಿದ್ದಳು. ಮಳೆ ಬಂದು ಆ ಹುಳಿ ತೊಳೆದುಹೋದರೆ ಗಿಡಕ್ಕೆ ಹುಳ ಬೀಳುತ್ತದೆ, ಹೂವು ಉದುರುತ್ತದೆ, ಬೆಳೆ ಮಣ್ಣುಪಾಲು. ಚಳಿಗಾಲದ ಆ ಬೋಳು ಬಿಳಿ ಆಕಾಶವೇ ನಮಗೆ ಚೆಂದದ ಆಕಾಶ. ಇದೆಲ್ಲ ಗೊತ್ತಿದ್ದೂ ಪರದೆಯ ಮೇಲೆ ನನಗೆ ಹೊಲ ಕಾಣಲಿಲ್ಲ, ಅಂಚು ಕಂಡಿತು. ಹೇಳಿದವನು ಮಾಲಕ, ಸಂಬಳ ಕೊಡುವವನೂ ಅವನೇ. ಅದಕ್ಕೆ ನಾನು ಯಾರ ಕ್ಷಮೆಯನ್ನೂ ಕೇಳಿಲ್ಲ, ಕೇಳುವುದೂ ಇಲ್ಲ.

"ನಾ ಮುಗಿಲು ನೋಡೇ ಮಾಲ್ ಹಿಡಿಯೋನು," ಸಾವ್ಕಾರ ಅಡಿಕೆ ಆ ಕಡೆಯ ದವಡೆಗೆ ದಬ್ಬಿ ಹೇಳಿದ. "ಘಾಟಬೋರಾಳದಾಗ ಮ್ವಾಡ ಆಗ್ಯಾದಂದ್ರ ಕಡ್ಲಿ ರೇಟು ಏರ್ತದ. ಈ ಫೋಟೋ ನೋಡಿ ಗಾಬರಿಯಾಗಿ ಲಾತೂರ ಬಜಾರಕ್ಕ ಫೋನ್ ಹಚ್ಚಾಕ ಹೋಗಿದ್ದೆ ನೋಡ್ರಿ." ಅವನು ನಕ್ಕ. ಕಾಕಾನೂ ನಕ್ಕ. ಅಪ್ಪ "ಹೌದ್ರಿ, ಸಾವ್ಕಾರ್ರ," ಎಂದ. ಯಾವುದಕ್ಕೆ ಹೌದು ಎಂದು ಅವನಿಗೂ ಗೊತ್ತಿರಲಿಕ್ಕಿಲ್ಲ.

ಅಷ್ಟಕ್ಕೇ ಬಿಟ್ಟಿದ್ದರೆ ನಾನೂ ಮರೆಯುತ್ತಿದ್ದೆನೇನೋ. ಆಗ ಅಕ್ಕ ಚಾದ ತಟ್ಟೆ ಹಿಡಿದು ಬಂದಳು. ಸಾವ್ಕಾರ ಲಕೋಟೆಯಿಂದ ಎರಡನೆಯ ಫೋಟೋ ತೆಗೆದು ಅವಳನ್ನೂ ಅದನ್ನೂ ಒಂದು ಸಲ ನೋಡಿದ.

"ಮುಗಿಲೇ ಬದಲ್ ಮಾಡಿದ ಮಂದಿ ಹುಡುಗಿ ಮಾರಿ ಹಾಂಗೇ ಬಿಟ್ಟಾರೇನ್ರಿ?" ಎಂದ. ಆಮೇಲೆ ದನಿ ಇಳಿಸಿ, ಮಗುವಿಗೆ ಹೇಳುವ ಹಾಗೆ ಮೆತ್ತಗೆ, "ಬ್ಯಾಸರ ಮಾಡ್ಕೋಬ್ಯಾಡವ್ವಾ. ಜರಾ ಮಾರಿ ತೊಳ್ಕೊಂಡು ಬಾ. ಸಾಬೂನ ಹಚ್ಚಿ," ಎಂದ.

ನಾನು ಅಪ್ಪನ ಮುಖ ನೋಡಿದೆ. ಎದ್ದು ನಿಲ್ಲುತ್ತಾನೆ, ಚಪ್ಪಲಿ ಎಲ್ಲಿದೆ ಎಂದು ಸಾವ್ಕಾರನಿಗೆ ತೋರಿಸುತ್ತಾನೆ ಎಂದು ಕಾದೆ. ಅಪ್ಪ ಚಾಪೆಯ ಕಡ್ಡಿ ಕೀಳುತ್ತ ಕೂತಿದ್ದ. "ಹೋಗವ್ವಾ, ಸಾವ್ಕಾರ್ರು ಹೇಳಾಕತ್ತಾರಲ್ಲ," ಎಂದು ಕಾಕಾನೇ ಹೇಳಿದ. ಅಕ್ಕ ಬಚ್ಚಲಿಗೆ ಹೋದಳು. ಸಾಬೂನು ಉಜ್ಜುವ ಸಪ್ಪಳ ಹೊರಗೆ ಕೂತವರಿಗೆಲ್ಲ ಕೇಳುತ್ತಿತ್ತು. ಅವ್ವ ಒಳಗಿನಿಂದ ಟವಲ್ ಚಾಚಿದಳು, ಅಕ್ಕ ತೆಗೆದುಕೊಳ್ಳಲಿಲ್ಲ. ಗದ್ದದಿಂದ ನೀರು ಹನಿಯುತ್ತ, ಒದ್ದೆ ರವಿಕೆಯಲ್ಲೇ ಬಂದು ನಿಂತಳು.

"ಇಲ್ಲಿ ಕತ್ತಲಿ ಅದ, ಅಂಗಳಕ್ಕ ಬರ್ಲಿ," ಎಂದ ಸಾವ್ಕಾರ.

ಅಂಗಳದ ಮೋಟುಗೋಡೆಯ ಮೇಲೆ ಆಗಲೇ ಓಣಿಯ ಹೆಂಗಸರ ತಲೆಗಳು ಮೂಡಿದ್ದವು. ಅವನು ಫೋಟೋವನ್ನು ಅಕ್ಕನ ಕೆನ್ನೆಯ ಪಕ್ಕ ಹಿಡಿದ. ಅಡತ್ ಅಂಗಡಿಯಲ್ಲಿ ರೈತನ ಚೀಲದಿಂದ ಮುಷ್ಟಿ ಕಾಳು ತೆಗೆದು, ಅಂಗೈಯಲ್ಲಿ ಉಜ್ಜಿ, ಉಫ್ ಎಂದು ಊದಿ, ಒಂದು ಕಾಳನ್ನು ಹಲ್ಲಿಗೆ ಕೊಟ್ಟು ನೋಡುವ ಕಣ್ಣು ಅದು. ಒಮ್ಮೆ ಫೋಟೋ, ಒಮ್ಮೆ ಅಕ್ಕ. ಅಕ್ಕನ ಕಣ್ಣು ಮುಂದಕ್ಕೆ ನೆಟ್ಟಿತ್ತು. "ಜರಾ ಫರಕ್ ಅದ. ನಡೀತದ," ಎಂದು ತೀರ್ಪು ಕೊಟ್ಟ. ಹುಡುಗ ಆಗ ತಲೆ ಎತ್ತಿದ, ಹೊರಡುವ ಹೊತ್ತಾಯಿತೇ ಎಂದು ನೋಡಲಿಕ್ಕೆ.

ಅವರು ಹೋದ ಮೇಲೆ ನಾನು ಮನೆಯಲ್ಲಿ ಸಿಟ್ಟಿನಿಂದ ಕುಣಿದಾಡಿಬಿಟ್ಟೆ. ಇಂಥವನ ಮನೆಗೆ ಹೋಗುವುದಕ್ಕಿಂತ ಬಾವಿಗೆ ಬೀಳುವುದು ಮೇಲು ಎಂದೆ. ಅಪ್ಪ ಹೊರಗೆ ಎದ್ದು ಹೋದ. ಅಕ್ಕ ಚಾದ ಕಪ್ಪು ತೊಳೆಯುತ್ತಿದ್ದಳು, ತಲೆ ಎತ್ತಲಿಲ್ಲ.

"ಇವ್ರೂ ಒಲ್ಲೆ ಅಂದ್ರ ನಾ ಊರಾಗ ಮಾರಿ ತೊಳಿಸಿ ಬಿಟ್ಟುಹೋದ ಹುಡುಗಿ ಆಗ್ತೀನಿ," ಎಂದಳು. "ಮದುವಿ ಆದ್ರ ಬರೇ ಮಾರಿ ತೊಳಿಸಿ ಮಾಡ್ಕೊಂಡ ಹುಡುಗಿ. ನೀನೇ ಹೇಳು, ಯಾವುದು ಪಾಡು?"

ಕೊನೆಯ ಕಪ್ಪನ್ನು ಬೋರಲು ಹಾಕಿದಳು. ಆಮೇಲೆ ಅವಳೇ, "ನೀ ಹಾಕಿದ ಮ್ವಾಡ ಕಡ್ಲಿ ಮ್ಯಾಲ ಬೀಳ್ಲಿಲ್ಲ, ನನ್ನ ಮ್ಯಾಲ ಬಿತ್ತು," ಎಂದಳು. ಅಷ್ಟೇ. ಮುಂದೆ ಬಹಳ ವರ್ಷ ಅವಳು ನನ್ನೊಡನೆ ಸಕ್ಕರೆ, ಸಾಬೂನು, ಹಬ್ಬದ ಮಾತಿನ ಹೊರತು ಬೇರೆ ಮಾತಾಡಲಿಲ್ಲ.

ಸ್ಟುಡಿಯೋಕ್ಕೆ ಹೋಗಿ ಮಾಲಕನಿಗೆ ಎಲ್ಲ ಹೇಳಿದೆ. ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆ ಸಂಜೆಯೇ ಗಿರಾಕಿಗಳಿಗೆ, "ನಮ್ಮ ಮ್ವಾಡ ನೋಡಿ ಕಡ್ಲಿ ರೇಟು ಏರಾಕ ಹತ್ತಿತ್ರಿ," ಎಂದು ಜಾಹೀರಾತು ಶುರುಮಾಡಿದ. ನಾನು ಸಿ.ಡಿ.ಯನ್ನು ತೆಗೆದು ಪಿನ್ನಿನಿಂದ ಉದ್ದಕ್ಕೂ ಅಡ್ಡಕ್ಕೂ ಗೀಚಿ ಹಾಕಿದೆ. ಕಂಪ್ಯೂಟರಿನಲ್ಲಿ ಅದರ ನಕಲು ಇತ್ತು, ಸಿಟ್ಟಿನಲ್ಲಿ ಅದು ನೆನಪಿಗೆ ಬರಲಿಲ್ಲ. ಮೋಡ ಎಲ್ಲಿಗೂ ಹೋಗಲಿಲ್ಲ.

ಮದುವೆಯಾಯಿತು. ಬಸವಕಲ್ಯಾಣದ ಆ ಮನೆಯ ಪಡಸಾಲೆಯಲ್ಲಿ, ಗಡಿಯಾರದ ಪಕ್ಕ, ಸಾವ್ಕಾರ ನಮ್ಮ ಹೊಲದ ಫೋಟೋಗೆ ಚೌಕಟ್ಟು ಹಾಕಿಸಿ ತೂಗಿದ. ಅಭಿಮಾನಕ್ಕೆ ಎಂದು ಅವ್ವ ತಿಳಿದಳು. ನಾನು ಮೊದಲ ಸಲ ಹೋದಾಗಲೇ ಅದು ಯಾಕೆ ಎಂದು ಗೊತ್ತಾಯಿತು. ಅಂಗಡಿಗೆ ಬಂದವರನ್ನು ಅವನು ಪಡಸಾಲೆಗೆ ಕರೆಯುತ್ತಿದ್ದ. "ಇದು ನಮ್ಮ ಬೀಗರ ಹೊಲ. ಅವ್ರ ಊರಾಗ ಮುಗಿಲು ಅಂಗಡ್ಯಾಗ ಸಿಗ್ತದ," ಎಂದು ಶುರುವಾದರೆ ಸಾಬೂನಿನವರೆಗೂ ಬಿಡುತ್ತಿರಲಿಲ್ಲ. ಅಷ್ಟರಲ್ಲಿ ಚಾ ಬರಬೇಕು. ಚಾ ತಂದ ಅಕ್ಕನ ಕಡೆ ತಿರುಗಿ, "ಸುಳ್ಳಲ್ಲ, ನಮ್ಮ ಸೊಸೀನ್ನೇ ಕೇಳ್ರಿ. ಹೌದಿಲ್ಲವ್ವಾ?" ಎನ್ನುತ್ತಿದ್ದ.

"ಹೌದ್ರಿ," ಎನ್ನಬೇಕು ಅವಳು. ಅನ್ನುತ್ತಿದ್ದಳು. ಮೊದಮೊದಲು ತಲೆ ತಗ್ಗಿಸಿ, ಆಮೇಲೆ ಸುಮ್ಮನೆ, ಕಡೆಕಡೆಗೆ ಸಣ್ಣಗೆ ನಗುತ್ತಾ. ಆ ನಗು ನೋಡಿದರೆ ನನಗೆ ಮೈ ಉರಿಯುತ್ತಿತ್ತು. ಗಂಡ ಎನ್ನುವವನು ಒಂದು ದಿನವೂ ಬಾಯಿ ಬಿಡಲಿಲ್ಲ. ಅಡತ್ ವ್ಯಾಪಾರ ಹಿಡಿಸದೆ ಅವನು ಮೊಬೈಲ್ ಅಂಗಡಿ ಹಾಕಿದ್ದ. ಕಡಲೆ ಅವನಿಗೆ ಪೊಟ್ಟಣದಲ್ಲಿ ಮಾತ್ರ ಪರಿಚಯ.

ನನಗೂ ಗಂಡು ಹುಡುಕಿದರು. ಫೋಟೋ ಕೊಡುವುದಿಲ್ಲ ಎಂದೆ. ಕಾಕಾ ಎರಡು ಸಲ ಬಂದು ಬೈದು ಹೋದ. ಮುಂದೆ ಬಸವಕಲ್ಯಾಣದಲ್ಲೇ ಒಂದು ಸಣ್ಣ ಸ್ಟುಡಿಯೋ ಹಾಕಿದೆ. ಹಳೆಯ ಮಾಲಕ ಹುಮನಾಬಾದಿನ ಅಂಗಡಿ ಮುಚ್ಚುವಾಗ ಅವನ ಹಳೇ ಕಂಪ್ಯೂಟರನ್ನು ನಾನೇ ತಂದೆ.

ಅಪ್ಪ ಸತ್ತಾಗ ಅವನದೇ ಹೊಲದಲ್ಲಿ, ಬೇವಿನ ಮರದ ಕೆಳಗೆ ಕುಣಿ ತೋಡಿದರು. ಜನ ಮಣ್ಣು ಹಾಕುತ್ತಿದ್ದರು. ಸಾವ್ಕಾರ ಒಂದು ಮುಷ್ಟಿ ಮಣ್ಣು ಹಾಕಿ, ಕೈ ಕೊಡವಿ, ತಲೆ ಎತ್ತಿ ಮೇಲೆ ನೋಡಿದ. "ಇವತ್ತರೆ ಮುಗಿಲು ಖರೇ ಅದ ನೋಡ್ರಿ," ಎಂದ. ಇಬ್ಬರು ಮೂವರು ನಗು ತಡೆಯಲಾರದೆ ಕೆಮ್ಮಿದರು. ಅಕ್ಕ ನನ್ನ ಪಕ್ಕದಲ್ಲೇ ನಿಂತಿದ್ದಳು. ಅವಳು ಅಳುತ್ತಿದ್ದದ್ದು ಅಲ್ಲಿಗೆ ನಿಂತಿತು. ಸೆರಗಿನಿಂದ ಮುಖ ಒರೆಸಿಕೊಂಡಳು, ಮತ್ತೆ ಅಳಲಿಲ್ಲ. ಆ ಮನುಷ್ಯನನ್ನು ಅಲ್ಲೇ ಅದೇ ಕುಣಿಗೆ ದಬ್ಬಬೇಕು ಅನ್ನಿಸಿತು ನನಗೆ. ಅಪ್ಪನ ಜೊತೆಗೆ ಅವನನ್ನು ಮಲಗಿಸಲು ಮನಸ್ಸಾಗದೆ ಸುಮ್ಮನಾದೆ.

ಹೊಲ ಅವರ ಕೈಗೆ ಹೋಯಿತು. ಎರಡನೆಯ ವರ್ಷ ಕಡಲೆ ಬಂಗಾರದ ಹಾಗೆ ಬಂತು. ಸಾವ್ಕಾರ ನನ್ನನ್ನು ಕರೆಸಿ, ಹೊಲದಲ್ಲಿ, ಬೇವಿನ ಮರದ ಬದಿಗೆ ಸೊಂಟಕ್ಕೆ ಕೈಕೊಟ್ಟು ನಿಂತ. "ತೆಗಿ ಫೋಟೋ. ಹೂವು ಕಾಣ್ಬೇಕು, ನಾ ಕಾಣ್ಬೇಕು. ಮುಗಿಲು ಹ್ಯಾಂಗ ಅದನೋ ಹಾಂಗೇ ಇರ್ಲಿ. ನಿನ್ನ ಅಂಗಡಿ ಮುಗಿಲು ನನಗ ಬ್ಯಾಡ," ಎಂದ. ತೆಗೆದೆ. ಅಪ್ಪನನ್ನು ಹೂಳಿದ ಗದ್ದಿಗೆಯ ಮೇಲೆ ಒಂದು ಕಾಲು ಊರಿದ್ದ, ಅದು ಚೌಕಟ್ಟಿನಲ್ಲಿ ಬರದ ಹಾಗೆ ನೋಡಿಕೊಂಡೆ. ಫೋಟೋದಲ್ಲಿ ಮೇಲೆ ಪೂರಾ ಬಿಳಿ ಬಂತು, ಕಡಲೆಗೆ ಬೇಕಾದಂಥ ಬಿಳಿ.

ಮುಂದಿನ ಬೇಸಿಗೆಯಲ್ಲಿ ಅವನು ಅಂಗಡಿಯ ಗಾದಿಯ ಮೇಲೆ ಕೂತಲ್ಲೇ ಹೋದ. ಅಕ್ಕನ ಗಂಡನಿಗೆ ತನ್ನ ಅಪ್ಪನ ದೊಡ್ಡ ಫೋಟೋ ಪಡಸಾಲೆಗೆ ಬೇಕಾಯಿತು. ಹೊಲದಲ್ಲಿ ನಿಂತದ್ದೇ ಇರಲಿ, ಮೇಲೆ ಬೋಳು ಕಾಣುತ್ತದೆ, ಏನಾದರೂ ಚೆಂದ ಮಾಡು ಎಂದು ಫೋನಿನಲ್ಲಿ ಹೇಳಿದ. ಯಾವ ಆಕಾಶ ಎಂದು ಆರಿಸಲು ಅಕ್ಕನನ್ನು ಕಳಿಸಿದ. ಅವಳು ನನ್ನ ಅಂಗಡಿಯೊಳಗೆ ಕಾಲಿಟ್ಟದ್ದು ಅದೇ ಮೊದಲು.

ಕುರ್ಚಿ ಎಳೆದು ನನ್ನ ಪಕ್ಕ ಕೂತಳು. ಪರದೆಯ ಮೇಲೆ ಮಾವ ಸೊಂಟಕ್ಕೆ ಕೈಕೊಟ್ಟು ನಿಂತಿದ್ದ, ಸುತ್ತ ಕಡಲೆ ಹೂವು. ಅವಳು ಅದನ್ನು ನೋಡುತ್ತಿದ್ದ ಕಣ್ಣು ನನಗೆ ಗೊತ್ತಿತ್ತು. ಅಂಗಳದಲ್ಲಿ ಅವಳ ಕೆನ್ನೆಯ ಪಕ್ಕ ಫೋಟೋ ಹಿಡಿದವನ ಕಣ್ಣು ಅದು. ಇಷ್ಟು ವರ್ಷ ಅದೇ ಮನೆಯಲ್ಲಿದ್ದು ಕಲಿತಿದ್ದಳು.

"ಆ ಮ್ವಾಡ ಇನ್ನೂ ಅದನೇನು ನಿನ್ನ ಬಲ್ಲಿ?" ಎಂದು ಕೇಳಿದಳು.

"ಅದ," ಎಂದೆ.

"ಅದೇ ಹಾಕು."

ಬೇಡ ಎನ್ನಬಹುದಿತ್ತು. ಸತ್ತವನು ತನ್ನ ಬಾಯಿಂದಲೇ ಬೇಡ ಎಂದಿದ್ದ. ನಾನು ಬಿಳಿಯ ಮೇಲೆ ಮೌಸ್ ಒತ್ತಿದೆ, ಇಡೀ ಆಕಾಶ ಒಟ್ಟಿಗೆ ಕೈಗೆ ಸಿಕ್ಕಿತು. ಹಳೇ ಕಂಪ್ಯೂಟರಿನಿಂದ ಮೋಡ ತಂದು ಕೂರಿಸಿದೆ. ಅಕ್ಕ ಅದನ್ನು ಇನ್ನಷ್ಟು ಕೆಳಗೆ ಎಳೆಸಿದಳು, ಇನ್ನಷ್ಟು ಕಪ್ಪು ಮಾಡಿಸಿದಳು, ಅವನ ಟೊಪ್ಪಿಗೆಗೆ ತಾಗುವವರೆಗೆ. ಬೇವಿನ ಎಲೆಗಳ ನಡುವಿನ ಬಿಳಿಯನ್ನು ಬೆರಳಿಟ್ಟು ತೋರಿಸಿ ಹೆಕ್ಕಿಸಿದಳು. ಬಹಳ ವರ್ಷದ ಮೇಲೆ ಇಬ್ಬರೂ ಪಕ್ಕಪಕ್ಕ ಕೂತು ಒಂದು ಕೆಲಸ ಮಾಡಿದೆವು. ನನಗೆ ಹಿತವೆನಿಸಿತು, ಮುಚ್ಚಿಡುವುದೇನು.

ಕಾರ್ಯದ ದಿನ ಪಡಸಾಲೆಯ ತುಂಬ ಜನ. ನಮ್ಮ ಹೊಲದ ಹಳೆಯ ಫೋಟೋ ಇದ್ದ ಮೊಳೆಗೇ ಹೊಸದನ್ನು ಹಾಕಿದ್ದರು. ಮಗ ಹಾರ ಹಾಕಿದ, ಊದುಬತ್ತಿ ಹಚ್ಚಿದ. ಬಂದವರೆಲ್ಲ ಹೊಗಳಿದರು. "ಮಳಿ ಬಂದು ನಿಂತಂಗ ಅದ ನೋಡ್ರಿ, ಪುಣ್ಯವಂತ," ಎಂದರು ಅಂಗಡಿಗಳ ಮಂದಿ. ಮಗ ನನಗೆ ಎಲ್ಲರೆದುರಿಗೆ ಶಾಲು ಹೊದೆಸುವುದೊಂದು ಬಾಕಿ. ಒಬ್ಬ ಮುದುಕ ಮಾತ್ರ ಎದ್ದು ಫೋಟೋದ ಹತ್ತಿರ ಹೋಗಿ ನಿಂತ. ಮಂಠಾಳದ ರೈತ, ವರ್ಷವರ್ಷ ಇದೇ ಅಂಗಡಿಗೆ ಕಡಲೆ ಹಾಕಿ, ಅಂಗೈಯಲ್ಲಿ ಊದಿಸಿಕೊಂಡು, ಬೈಸಿಕೊಂಡು ಹೋಗುತ್ತಿದ್ದವನು. ಕೆಳಗೆ ಹೂವು ನೋಡಿದ, ಮೇಲೆ ಮೋಡ ನೋಡಿದ. ಅವನ ಹಿಂದೆ ಅಕ್ಕ ಚಾದ ತಟ್ಟೆ ಹಿಡಿದು ನಿಂತಿದ್ದಳು.

"ಸಾವ್ಕಾರ್ರ ಕಡ್ಲಿ ಹೋತಲ್ಲವ್ವಾ," ಎಂದ ಮುದುಕ, ಮೆಲ್ಲಗೆ.

"ಹೌದ್ರಿ," ಎಂದಳು ಅಕ್ಕ. "ಚಾ ತಗೋರ್ರಿ."